ಡಿ ಒಳಗೆ ಹೋದ ಮೇಲೆ ನಮ್ಮ ಹುಡುಗರಿಗೆ ಏನಾಗುತ್ತೆ?

ಏಪ್ರಿಲ್ ತಿಂಗಳು ಬಂತೆಂದರೆ ಕೊಡಗಿನಲ್ಲಿ ಕಾಫಿ ದರ, ಕರಿಮೆಣಸಿನ ದರ ಎರಡೂ ಹಿಂದಕ್ಕೆ. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ದಿನಸಿ ಅಂಗಡಿ ಜಗಲಿಯಲ್ಲಿ ಒಂದೇ ಮಾತು: ಹಾಕಿ. ಯಾವ ಒಕ್ಕ ಗೆದ್ದಿತು, ಯಾವ ಒಕ್ಕ ಮೊದಲ ಸುತ್ತಿಗೇ ಮನೆಗೆ ಹೋಯಿತು, ಅಂಪೈರ್ ಯಾರಿಗೆ ಅನ್ಯಾಯ ಮಾಡಿದ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ಅದೇ ಹಬ್ಬ ನಡೆಸಿದಾಗ 360 ತಂಡ. ಗಿನ್ನೆಸ್ ದಾಖಲೆಗೂ ಸೇರಿತು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದ ಸರದಿ ಬಂದಾಗ ಲೆಕ್ಕ ಇನ್ನೂ ಮೇಲಕ್ಕೆ. ಅಜ್ಜ, ಮೊಮ್ಮಗ, ಸೊಸೆ ಎಲ್ಲ ಒಂದೇ ತಂಡದಲ್ಲಿ ಆಡುವ ಹಬ್ಬ ಪ್ರಪಂಚದಲ್ಲಿ ಬೇರೆಲ್ಲಿದೆ ಹೇಳಿ?

ಸಂತೋಷ. ಈಗ ಸ್ವಲ್ಪ ಹೊಟ್ಟೆ ಉರಿಯೋ ವಿಚಾರಕ್ಕೆ ಬರೋಣ.

2016ರ ರಿಯೊ ಒಲಿಂಪಿಕ್ಸಿಗೆ ಹೋದ ಭಾರತದ ಗಂಡಸರ ಹಾಕಿ ತಂಡದಲ್ಲಿ ಈ ಸಣ್ಣ ಜಿಲ್ಲೆಯ ನಾಲ್ವರು ಇದ್ದರು. ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಭಾರತ 41 ವರ್ಷದ ಮೇಲೆ ಪದಕ ಗೆದ್ದಾಗ ತಂಡದಲ್ಲಿ ಕೊಡಗಿನ ಹುಡುಗ ಒಬ್ಬನೂ ಇಲ್ಲ. 2024ರ ಪ್ಯಾರಿಸ್ಸಿನಲ್ಲಿ ಇನ್ನೊಂದು ಕಂಚು ಬಂದಾಗಲೂ ಇಲ್ಲ. ನಾಲ್ಕಿದ್ದದ್ದು ಸೊನ್ನೆ. ತಂಡಗಳ ಸಂಖ್ಯೆ ಗಿನ್ನೆಸ್ ಪುಸ್ತಕಕ್ಕೆ ಏರುವ ಹೊತ್ತಿಗೆ ಇಲ್ಲಿ ಲೆಕ್ಕ ತಲೆಕೆಳಗಾಯಿತು.

ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಪಂಜಾಬಿನಲ್ಲಿ ಅಕಾಡೆಮಿ ಇವೆ, ಒಡಿಶಾದಲ್ಲಿ ಸರ್ಕಾರವೇ ಬೆನ್ನಿಗಿದೆ, ನಮ್ಮ ಹುಡುಗರು ಓದಿಗೆಂದು ಬೆಂಗಳೂರು ಬಸ್ಸು ಹತ್ತುತ್ತಾರೆ. ಎಲ್ಲ ನಿಜ. ಅವಕ್ಕೆಲ್ಲ ನಾವು ನೀವು ಅಂಗಡಿ ಬಾಗಿಲಲ್ಲಿ ನಿಂತು ಪರಿಹಾರ ಹೇಳೋಕೆ ಆಗೋದಿಲ್ಲ. ಆದರೆ ಒಂದು ಸಂಗತಿ ನಮ್ಮ ಕೈಯಲ್ಲೇ ಇದೆ. ಅದು ಗೋಲಿಗೆ ಹೊಡೆಯುವ ವಿದ್ಯೆ.

ಮ್ಯಾಚಿಗೆ ಹೋದವರೆಲ್ಲ ಉದ್ದದ ಗೆರೆಯ ಪಕ್ಕ ನೆರಳು ನೋಡಿ ಕೂರುತ್ತಾರೆ. ಒಂದು ದಿನ ಗೋಲಿನ ಹಿಂದೆ, ಬಲೆಯಿಂದ ಸಾಕಷ್ಟು ದೂರದಲ್ಲಿ ನಿಂತು ನೋಡಿ. ನಮ್ಮ ಹುಡುಗರ ಓಟ ಚೆನ್ನ, ಚೆಂಡು ಹಿಡಿದು ಇಬ್ಬರನ್ನು ದಾಟಿಸೋದೂ ಚೆನ್ನ. ಡಿ ಗೆರೆ ದಾಟಿದ ಕೂಡಲೇ ಏನೋ ಆಗುತ್ತೆ. ಸ್ಟಿಕ್ಕು ಆಕಾಶಕ್ಕೆ ಏರುತ್ತೆ, ಸುತ್ತಲೂ “ಹೊಡಿಯೋ, ಹೊಡಿ!” ಅಂತ ಕೂಗು, ಒಂದು ದೊಡ್ಡ ಏಟು, ಚೆಂಡು ಕಂಬದಾಚೆ ಬೇಲಿಗೆ. ಜನ “ಅಯ್ಯೋ” ಅಂತಾರೆ. ಏಟು ಜೋರಾಗಿತ್ತಲ್ಲ ಅಂತ ಸಮಾಧಾನವನ್ನೂ ಅವರೇ ಹೇಳಿಕೊಳ್ಳುತ್ತಾರೆ.

ಜೋರು ಇದ್ದರೆ ಸಾಲದು ಸ್ವಾಮಿ. ಲೆಕ್ಕ ಹಾಕಿ ನೋಡೋಣ.

ಹನ್ನೆರಡು ಅಡಿ ಬಾಗಿಲು

ಹಾಕಿ ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಹಳೇ ಲೆಕ್ಕದಲ್ಲಿ ಹನ್ನೆರಡು ಅಡಿ, ಏಳು ಅಡಿ. ಷಟರ್ ಇರುವ ಒಂದು ದೊಡ್ಡ ಅಂಗಡಿ ಬಾಗಿಲು ಅಂದುಕೊಳ್ಳಿ. ಡಿ ಗೆರೆ ಇರುವುದು 14.63 ಮೀಟರ್ ದೂರದಲ್ಲಿ. ಅಲ್ಲಿಂದ ಹೊಡೆಯುವಾಗ ಸ್ಟಿಕ್ಕಿನ ಮುಖ ಒಂದೇ ಒಂದು ಡಿಗ್ರಿ ಆಚೀಚೆಯಾದರೆ ಗೋಲಿನ ಗೆರೆ ಮುಟ್ಟುವ ಹೊತ್ತಿಗೆ ಚೆಂಡು ಸುಮಾರು ಕಾಲು ಮೀಟರ್ ಪಕ್ಕಕ್ಕೆ ಸರಿದಿರುತ್ತೆ. ಕಂಬದ ಒಳಗೆ ಒಂದಡಿ ಜಾಗಕ್ಕೆ ಗುರಿ ಇಟ್ಟವನಿಗೆ ತಪ್ಪೋಕೆ ಇರುವ ಅವಕಾಶ ಒಂದು ಡಿಗ್ರಿಗಿಂತ ಚೂರು ಜಾಸ್ತಿ, ಅಷ್ಟೆ. ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸಾರಿ ಟಿಕ್ ಅಂದರೆ ಆರು ಡಿಗ್ರಿ. ಅದರ ಆರನೇ ಒಂದು ಪಾಲು ನೋಡಿ ಇದು.

ಪಕ್ಕದಿಂದ ಹೊಡೆದರೆ ಬಾಗಿಲು ಇನ್ನೂ ಕಿರಿದು. ನೇರ ಎದುರಿಗೆ ನಿಂತವನಿಗೆ ಕಾಣುವ 3.66 ಮೀಟರ್, 45 ಡಿಗ್ರಿ ಓರೆಯಲ್ಲಿ ನಿಂತವನಿಗೆ ಸುಮಾರು 2.6 ಮೀಟರ್. ಅದರ ನಡುವೆ ಪ್ಯಾಡು, ಹೆಲ್ಮೆಟ್ ಹಾಕಿದ ಗೋಲ್‌ಕೀಪರ್ ಒಬ್ಬ.

ಇನ್ನು ವೇಗ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋದ ಚೆಂಡು ಡಿ ಗೆರೆಯಿಂದ ಗೋಲು ತಲುಪೋಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. 80 ಕಿಲೋಮೀಟರ್ ವೇಗದಲ್ಲಿ ಹೋದರೆ ಸುಮಾರು 0.66 ಸೆಕೆಂಡು. ವ್ಯತ್ಯಾಸ ಸೆಕೆಂಡಿನ ಎಂಟನೇ ಒಂದು ಪಾಲು. ಈ ಪಾಲನ್ನು ಉಳಿಸೋಕೆ ಅಂತ ನಮ್ಮ ಹುಡುಗ ಸ್ಟಿಕ್ಕನ್ನು ಕಿವಿಯ ಮೇಲಕ್ಕೆ ಎತ್ತಿ ಇಳಿಸುವಷ್ಟರಲ್ಲಿ ಅದರ ಎರಡರಷ್ಟು ಹೊತ್ತು ಹೋಗಿರುತ್ತೆ. ಗೋಲ್‌ಕೀಪರ್ ಕಾಲು ಜೋಡಿಸಿ ಸಿದ್ಧ. ಹಿಂದಿನಿಂದ ಬಂದ ಬ್ಯಾಕು ಚೆಂಡಿಗೆ ಸ್ಟಿಕ್ಕೂ ಹಾಕಿರುತ್ತಾನೆ. ಅದೇ ಜಾಗದಲ್ಲಿ ಸ್ಟಿಕ್ಕನ್ನು ನೆಲದ ಮಟ್ಟದಲ್ಲೇ ಹಿಂದಕ್ಕೆ ಒಯ್ದು ಬೀಸುವ ಸ್ಲ್ಯಾಪ್ ಹೊಡೆತ ಹೊಡೆದಿದ್ದರೆ ಚೆಂಡು ನಿಧಾನ ಹೋದರೂ ಮೊದಲು ಹೊರಡುತ್ತಿತ್ತು. ಹಳಬರಿಗೆ ನೆನಪಿರಬಹುದು, ಹಿಂದೆ ಭುಜಕ್ಕಿಂತ ಮೇಲೆ ಸ್ಟಿಕ್ಕು ಎತ್ತಿದರೆ “ಸ್ಟಿಕ್ಸ್” ಅಂತ ಸೀಟಿ ಊದುತ್ತಿದ್ದರು. ಆ ನಿಯಮ ಹೋಯಿತು, ಅದರ ಜೊತೆ ಕೈಗೆ ಇದ್ದ ಕಡಿವಾಣವೂ ಹೋಯಿತು ಅಂತ ನನಗೆ ಆಗಾಗ ಅನ್ನಿಸುತ್ತೆ.

ಕಾಲು ಮೊದಲು, ಕೈ ಆಮೇಲೆ

ಗೋಲು ತಪ್ಪಿದ ಹುಡುಗ ಕೈ ನೋಡಿಕೊಳ್ಳುತ್ತಾನೆ, ಸ್ಟಿಕ್ಕು ತಿರುಗಿಸಿ ನೋಡುತ್ತಾನೆ. ತಪ್ಪು ಬಹುಪಾಲು ಕಾಲಿನಲ್ಲಿ ಇರುತ್ತೆ. ಹಾಕಿಯಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ಕಿಲ್ಲ. ಎಲ್ಲರದೂ ಒಂದೇ ನಮೂನೆ: ಎಡಗೈ ಮೇಲೆ, ಬಲಗೈ ಕೆಳಗೆ, ಚಪ್ಪಟೆ ಮುಖ ಒಂದೇ ಕಡೆ. ಆದ್ದರಿಂದ ನಿಲ್ಲುವ ಕ್ರಮವೂ ಒಂದೇ. ಎಡಭುಜ ಗುರಿಯ ಕಡೆ. ಚೆಂಡು ಎಡಗಾಲಿನ ನೇರಕ್ಕೆ, ಮೈಯಿಂದ ತುಸು ದೂರ. ತೂಕ ಬಲಗಾಲಿನಿಂದ ಎಡಗಾಲಿಗೆ ಇಳಿಯುವ ಹೊತ್ತಿಗೆ ಏಟು ಬೀಳಬೇಕು. ತಲೆ ಚೆಂಡಿನ ಮೇಲೆ.

ಚೆಂಡು ಹಿಂದೆ, ಬಲಗಾಲಿನ ಹತ್ತಿರ ಉಳಿದರೆ ಸ್ಟಿಕ್ಕಿನ ಮುಖ ಪೂರ್ತಿ ತಿರುಗುವ ಮೊದಲೇ ತಾಗುತ್ತೆ. ಚೆಂಡು ಬಲಕ್ಕೆ ಹೋಗುತ್ತೆ. ತೀರಾ ಮುಂದೆ ಹೋಗಿದ್ದರೆ ಮುಖ ಮಡಚಿಕೊಂಡು ಎಡಕ್ಕೆ. ಹಿಂದಕ್ಕೆ ವಾಲಿ ಹೊಡೆದರೆ ಚೆಂಡು ಮೇಲಕ್ಕೆ. ನಿಮ್ಮ ಮಗನ ಚೆಂಡು ಪ್ರತಿ ಸಾರಿ ಒಂದೇ ಕಂಬದಾಚೆ ಹೋಗುತ್ತಿದ್ದರೆ ಸ್ಟಿಕ್ಕು ಬದಲಾಯಿಸೋಕೆ ಸಾವಿರಗಟ್ಟಲೆ ಖರ್ಚು ಮಾಡಬೇಡಿ. ಚೆಂಡು ಎಲ್ಲಿ ಇಟ್ಟುಕೊಳ್ಳುತ್ತಾನೆ ಅಂತ ಪಕ್ಕದಲ್ಲಿ ನಿಂತು ಒಂದು ಸಂಜೆ ನೋಡಿ.

ಹೊಡೆದ ಮೇಲೆ ಸ್ಟಿಕ್ಕು ಎಲ್ಲಿಗೆ ಹೋಗುತ್ತೆ ಅನ್ನೋದನ್ನೂ ಗಮನಿಸಬೇಕು. ಗುರಿ ಇಟ್ಟ ಮೂಲೆಯ ಕಡೆಗೆ ಸ್ಟಿಕ್ಕಿನ ತುದಿ ಹೋದರೆ ಚೆಂಡೂ ಅಲ್ಲಿಗೆ ಹೋಗಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಎಡಹೆಗಲ ಮೇಲೆ ಸುತ್ತಿಕೊಂಡು ಬಂದರೆ ಅವನು ಚೆಂಡಿಗೆ ಹೊಡೆದಿಲ್ಲ, ಎಳೆದಿದ್ದಾನೆ.

ಬಲ ಬರುವುದು ಪಾದ, ಸೊಂಟ, ಭುಜ, ಮಣಿಕಟ್ಟು, ಈ ಕ್ರಮದಲ್ಲಿ. ಇದು ಹಾಕಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕ, ಕೆನಡಾದ ಮೂಲನಿವಾಸಿಗಳು ಆಡುತ್ತಾ ಬಂದ ಲಕ್ರಾಸ್ ಅಂತ ಒಂದು ಆಟವಿದೆ. ಕೋಲಿನ ತುದಿಗೆ ಸಣ್ಣ ಬಲೆ, ಅದರಲ್ಲಿ ಚೆಂಡು ಹಿಡಿದು ಗೋಲಿಗೆ ಎಸೆಯೋದು. ಗೋಲು ಆರಡಿ ಚೌಕ, ಅಷ್ಟೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಅದನ್ನೂ ಸೇರಿಸಿದ್ದಾರೆ. ಅಲ್ಲಿನ ಮಕ್ಕಳಿಗೆ ಹೇಳಿಕೊಡುವುದೂ ಇದೇ: ಮುಂದಿನ ಕಾಲು ಊರು, ಸೊಂಟ ತಿರುಗಲಿ, ಕೈ ಕೊನೆಗೆ ಬರಲಿ. ಕೋಲು ಯಾವುದಾದರೇನು, ಮೈಯಂತೂ ಒಂದೇ.

ಇದನ್ನೆಲ್ಲ ನಿಂತ ಚೆಂಡಿಗೆ ಕಲಿಯೋದು ಸುಲಭ. ಮ್ಯಾಚಿನಲ್ಲಿ ನಿಂತ ಚೆಂಡು ಯಾರಿಗೆ ಸಿಗುತ್ತೆ? ಓಡುತ್ತಾ ಬರುವವನಿಗೆ ಪಾಸ್ ಬರುತ್ತೆ, ಬೆನ್ನ ಹಿಂದೆ ಒಬ್ಬ ಬ್ಯಾಕು. ಅಲ್ಲಿ ಗೋಲು ಆಗುವುದೋ ಹೋಗುವುದೋ ಅನ್ನೋದು ಏಟಿಗಿಂತ ಮುಂಚೆಯೇ, ಚೆಂಡಿಗೆ ಮೊದಲು ಸ್ಟಿಕ್ಕು ತಾಗಿದಾಗಲೇ ತೀರ್ಮಾನ ಆಗಿರುತ್ತೆ. ಚೆಂಡನ್ನು ಸತ್ತ ಹಾಗೆ ನಿಲ್ಲಿಸಿ, ಕಾಲು ಹುಡುಕಿ, ಆಮೇಲೆ ಹೊಡೆಯುವವನು ಮೂರು ಕೆಲಸ ಮಾಡುತ್ತಾನೆ. ತಾಗಿಸುವಾಗಲೇ ಚೆಂಡನ್ನು ಎಡಗಾಲು ಹೋಗಿ ಬೀಳುವ ಜಾಗಕ್ಕೆ ತಳ್ಳುವವನು ಒಂದೇ ಕೆಲಸ ಮಾಡುತ್ತಾನೆ. ಸೋಮವಾರಪೇಟೆಯ ಸುನಿಲ್ ಅವರ ಓಟವನ್ನು ಹೊಗಳದವರಿಲ್ಲ. ಆ ಓಟದ ಕೊನೆಯಲ್ಲಿ ಚೆಂಡು ಕಾಲಿನಿಂದ ಎಷ್ಟು ದೂರದಲ್ಲಿ ಇರುತ್ತಿತ್ತು ಅಂತ ನೋಡಿದವರು ಕಡಿಮೆ.

ಬಲಗಡೆಯಿಂದ ನುಗ್ಗಿದವನಿಗೆ ಗೋಲು ಎಡಕ್ಕೆ ಇರುತ್ತೆ, ಹೊಡೆತ ಸಹಜವಾಗಿ ಅತ್ತಲೇ ಹೋಗುತ್ತೆ. ಎಡಗಡೆಯಿಂದ ನುಗ್ಗಿದವನಿಗೆ ಕಷ್ಟ. ಗೋಲು ಬಲಕ್ಕಿದೆ, ಸ್ಟಿಕ್ಕಿನ ಮುಖ ಎಡಕ್ಕಿದೆ. ಹಿಂದಿನವರು ಚೆಂಡಿನ ಸುತ್ತ ಕಾಲು ತಿರುಗಿಸಿ ಹೊಡೆಯುತ್ತಿದ್ದರು. ಈಗಿನವರು ಮೊಣಕಾಲು ಮಡಚಿ, ಸ್ಟಿಕ್ಕನ್ನು ನೆಲಕ್ಕೆ ಸಮವಾಗಿ ಮಲಗಿಸಿ, ಅಂಚಿನಿಂದ ರಿವರ್ಸ್ ಹೊಡೆತ ಹೊಡೆಯುತ್ತಾರೆ. ಟಿವಿಯಲ್ಲಿ ನೋಡೋಕೆ ಬಹಳ ಚಂದ. ನೀರು ಹಾಕಿದ ಟರ್ಫ್ ಮೇಲೆ ಸರಿ. ನಮ್ಮ ಮಣ್ಣಿನ ಮೈದಾನದಲ್ಲಿ ಒಂದು ಕಲ್ಲಿಗೆ ತಾಗಿ ಚೆಂಡು ಅರ್ಧ ಅಡಿ ಹಾರಿದರೆ ಎದುರಿಗಿರುವವನ ಹಲ್ಲಿಗೆ ಬರುತ್ತೆ. ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಷ್ಟೇ ಗಟ್ಟಿ. ಹನ್ನೆರಡು ವರ್ಷದ ಮಕ್ಕಳು ಬರೀ ಮುಖದಲ್ಲಿ ಗೋಲಿನಲ್ಲಿ ನಿಂತಿರುವಾಗ ಪಕ್ಕದ ಹುಡುಗ ಇದನ್ನು ಅಭ್ಯಾಸ ಮಾಡುವುದನ್ನು ಕಂಡರೆ ದಯವಿಟ್ಟು ಕೂಗಿ ನಿಲ್ಲಿಸಿ.

ಮಣ್ಣು ಮತ್ತು ಟರ್ಫ್

1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಸಾರಿ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಿದರು. ಭಾರತಕ್ಕೆ ಏಳನೇ ಸ್ಥಾನ. ಅದರ ಹಿಂದಿನ ವರ್ಷವಷ್ಟೇ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ದೇಶ! ಆ ವಿಶ್ವಕಪ್ ತಂಡದಲ್ಲಿ ನಮ್ಮ ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು. ಅಂದಿನಿಂದ ಇವತ್ತಿನ ತನಕ ಅದೇ ರಾಗ ಕೇಳುತ್ತಾ ಇದ್ದೇವೆ, ಟರ್ಫ್ ಇಲ್ಲ, ಟರ್ಫ್ ಇಲ್ಲ.

ಟರ್ಫ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಜಿಲ್ಲೆಯಲ್ಲಿ ಪೊನ್ನಂಪೇಟೆ, ಕೂಡಿಗೆಯಂಥ ಕಡೆ ಹಾಸಿದ್ದಾರೆ. ಆದರೆ ಹಳ್ಳಿ ಶಾಲೆಯ ಹುಡುಗನಿಗೆ ಅದು ಎರಡು ಬಸ್ಸು ಬದಲಾಯಿಸುವ ದೂರ. ಅವನು ಏಳನೇ ಕ್ಲಾಸಿನ ತನಕ ಮಣ್ಣಿನಲ್ಲೇ ಆಡುತ್ತಾನೆ. ಮಣ್ಣಿನಲ್ಲಿ ಚೆಂಡು ಕುಣಿಯುತ್ತೆ. ಕುಣಿಯುವ ಚೆಂಡನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಎತ್ತಿ ಹೊಡೆಯಬೇಕು. ಇದು ಅಭ್ಯಾಸ ಆಗಿಬಿಡುತ್ತೆ. ಆಮೇಲೆ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಅಂತ ಟರ್ಫ್ ಮೇಲೆ ಇಳಿಸಿದರೆ ಚೆಂಡು ಜಾರಿಕೊಂಡು ಬರುತ್ತೆ, ಇವನು ನಿಲ್ಲಿಸೋಕೆ ಹೋಗುವಷ್ಟರಲ್ಲಿ ಎದುರಾಳಿ ಕೊಂಡೊಯ್ದಾಯಿತು. ಆಯ್ಕೆ ಮಾಡುವವರಿಗೆ ಕಾಣೋದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಡಿ ಒಳಗೆ ಮೂರು ಅವಕಾಶ ಸಿಕ್ಕಿ ಮೂರೂ ಹಾಳಾದರೆ ಹುಡುಗ ಮನೆಗೆ. ಅಪ್ಪ ತೋಟದಲ್ಲಿ ಕೂಲಿ ಮಾಡುವ ಹುಡುಗನಿಗೆ ಅದೇ ಊಟ, ವಸತಿ, ಓದು ಎಲ್ಲ ಸಿಗುವ ಬಾಗಿಲು. ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ನೌಕರಿ ಸಿಗುವ ಬಾಗಿಲೂ ಅದೇ.

ಮಣ್ಣಿನಲ್ಲಿ ಕಲಿತೂ ಟರ್ಫಿಗೆ ಹೊಂದಿಕೊಳ್ಳುವ ಹೊಡೆತ ಒಂದಿದ್ದರೆ ಅದು ಮೊದಲು ಹೇಳಿದ ಸ್ಲ್ಯಾಪ್. ಸ್ಟಿಕ್ಕು ನೆಲ ಸವರಿಕೊಂಡೇ ಬರುವುದರಿಂದ ಚೆಂಡು ತುಸು ಕುಣಿದರೂ ತಪ್ಪುವುದಿಲ್ಲ. ಎತ್ತಿ ಹೊಡೆಯುವಾಗ ಸ್ಟಿಕ್ಕು ಚೆಂಡನ್ನು ಮುಟ್ಟುವುದು ಒಂದು ಬಿಂದುವಿನಲ್ಲಿ. ಸವರುವಾಗ ಅದು ಬರುವ ದಾರಿಯೆಲ್ಲ ಸ್ಟಿಕ್ಕೇ.

ಕೊಡಗಿನಲ್ಲಿ ಇನ್ನೊಂದು ಅನುಕೂಲ ಇದೆ, ಯಾರೂ ಬಾಯಿ ಬಿಡೋದಿಲ್ಲ: ಕಾಫಿ ಕಣ. ಸಿಮೆಂಟು ಹಾಕಿದ ಕಣದಷ್ಟು ನುಣುಪಾದ ನೆಲ ಯಾವ ಶಾಲೆಗಿದೆ? ಡಿಸೆಂಬರಿನಿಂದ ಮಾರ್ಚ್ ತನಕ ಅದರ ಮೇಲೆ ಕಾಫಿ. ಜೂನ್ ಆದ ಮೇಲೆ ಮಳೆ. ನಡುವೆ ಏಪ್ರಿಲ್, ಮೇ ಖಾಲಿ. ಆಗ ಹುಡುಗರೆಲ್ಲ ಪಂದ್ಯ ನೋಡೋಕೆ ಹೋಗಿರುತ್ತಾರೆ ಅನ್ನೋದು ಬೇರೆ ಮಾತು. ತೋಟದ ಮಾಲೀಕರು ವಾರಕ್ಕೆ ಎರಡು ಸಂಜೆ ಕಣ ಬಿಟ್ಟುಕೊಟ್ಟರೆ, ಚೆಂಡನ್ನು ನಿಲ್ಲಿಸದೆ ತಾಗಿಸಿ ಹೊಡೆಯುವ ಪಾಠ ಅಲ್ಲೇ ಆಗುತ್ತೆ. ಕಿಟಕಿ ಗಾಜಿನ ಕಡೆಗೆ ಮಾತ್ರ ಗೋಲು ಇಡಬೇಡಿ.

ಪೆನಾಲ್ಟಿ ಕಾರ್ನರ್ ಎಂಬ ಮಾಯೆ

ಈಗ ಎಲ್ಲ ಹುಡುಗರ ಕನಸು ಡ್ರ್ಯಾಗ್ ಫ್ಲಿಕ್. ಯಾಕಿರಬಾರದು? ಪ್ಯಾರಿಸ್ಸಿನಲ್ಲಿ ಕಂಚಿನ ಪಂದ್ಯದಲ್ಲಿ ಸ್ಪೇನಿನ ಮೇಲೆ ಭಾರತ 2-1ರಲ್ಲಿ ಗೆದ್ದಾಗ ಎರಡು ಗೋಲೂ ಹರ್ಮನ್‌ಪ್ರೀತ್ ಸಿಂಗ್ ಅವರವು, ಎರಡೂ ಪೆನಾಲ್ಟಿ ಕಾರ್ನರಿನಿಂದ. ನಮ್ಮ ಜಿಲ್ಲೆಯ ಲೆನ್ ಅಯ್ಯಪ್ಪ, ಆಮೇಲೆ ರಘುನಾಥ್ ಇದೇ ವಿದ್ಯೆಯಲ್ಲಿ ಹೆಸರು ಮಾಡಿದವರು.

ಇದರ ಹಿಂದೆ ನಿಯಮದ ಒಂದು ಕೀಲಿ ಇದೆ. ಪೆನಾಲ್ಟಿ ಕಾರ್ನರಿನಲ್ಲಿ ಗೋಲಿಗೆ ಹೋಗುವ ಮೊದಲ ಹೊಡೆತ ಎತ್ತಿ ಬೀಸಿದ ಹೊಡೆತವಾದರೆ, ಚೆಂಡು ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಮೇಲಿರಬಾರದು. ಅದು ಗೋಲಿನ ಒಳಗಿನ ಹಲಗೆಯ ಎತ್ತರ, ನಮ್ಮ ಮೊಣಕಾಲಿನ ಹತ್ತಿರ. ಫ್ಲಿಕ್ಕಿಗೆ ಈ ಮಿತಿ ಇಲ್ಲ. ಏಳಡಿ ಎತ್ತರದ ಬಾಗಿಲಿನಲ್ಲಿ ಒಬ್ಬನಿಗೆ ಒಂದೂವರೆ ಅಡಿ, ಇನ್ನೊಬ್ಬನಿಗೆ ಪೂರ್ತಿ ಏಳಡಿ ಕೊಟ್ಟರೆ ಜನ ಯಾವುದನ್ನು ಆರಿಸುತ್ತಾರೆ ಹೇಳಿ.

ಆದರೆ ಡ್ರ್ಯಾಗ್ ಫ್ಲಿಕ್ ಮಾಡುವವನ ಮೈ ಗಮನಿಸಿ. ಚೆಂಡನ್ನು ಬಲಗಾಲಿನ ಹಿಂದಿನಿಂದ ಎತ್ತಿಕೊಳ್ಳುತ್ತಾನೆ, ನೆಲಕ್ಕೆ ಬಗ್ಗಿ ಎಳೆಯುತ್ತಾನೆ, ಎಡಗಾಲನ್ನು ಉದ್ದಕ್ಕೆ ಚಾಚಿ ಊರುತ್ತಾನೆ, ಸೊಂಟ ತಿರುಗಿಸಿ ಬೀಸುತ್ತಾನೆ. ಬಗ್ಗುವುದು, ತಿರುಚುವುದು ಎರಡೂ ಒಟ್ಟಿಗೆ. ಭಾರವೆಲ್ಲ ಬೆನ್ನಿನ ಕೆಳಭಾಗ, ಸೊಂಟದ ಕೀಲು ಮತ್ತು ಎಡ ಮೊಣಕಾಲಿನ ಮೇಲೆ. ಬೆಳೆದ ಆಟಗಾರರೂ ಇದನ್ನು ಎಣಿಸಿ ಮಾಡುತ್ತಾರೆ. ನಮ್ಮಲ್ಲಿ ಹನ್ನೆರಡು ತುಂಬದ ಹುಡುಗನಿಗೆ ಐವತ್ತು, ಅರವತ್ತು ಸಾರಿ ಮಾಡು ಅಂತ ಹುರಿದುಂಬಿಸುವ ಹಿರಿಯರಿದ್ದಾರೆ. ಸಂಜೆ ಹುಡುಗ ಸೊಂಟ ಹಿಡಿದುಕೊಂಡರೆ ಅಮೃತಾಂಜನ. ನನ್ನ ಅಭಿಪ್ರಾಯ ಕೇಳಿದರೆ, ಹದಿನಾಲ್ಕು ತುಂಬುವ ತನಕ ಅದನ್ನು ಪಕ್ಕಕ್ಕಿಡಿ. ಚಲನೆಯ ಪರಿಚಯಕ್ಕೆ ದಿನಕ್ಕೆ ಹತ್ತು ಸಾರಿ ಸಾಕು. ಪುಷ್ ಗಟ್ಟಿಯಾಗಲಿ. ಪುಷ್ ಬಾರದವನ ಫ್ಲಿಕ್ ಪಾಯವಿಲ್ಲದ ಮಾಳಿಗೆ.

ಇನ್ನೂ ಒಂದು ತೊಂದರೆ. ಶಾಲೆಯ ತಂಡದಲ್ಲಿ ಒಬ್ಬನಿಗೆ ಫ್ಲಿಕ್ ಬಂದರೆ ಉಳಿದ ಹತ್ತು ಮಂದಿ ಗೋಲಿಗೆ ಹೊಡೆಯುವುದನ್ನೇ ಬಿಡುತ್ತಾರೆ. ಡಿ ಒಳಗೆ ಹೋಗಿ ಎದುರಾಳಿಯ ಕಾಲು ಹುಡುಕುತ್ತಾರೆ. ಚೆಂಡು ಕಾಲಿಗೆ ತಾಗಿಸು, ಕಾರ್ನರ್ ಗಿಟ್ಟಿಸು. ಇದೂ ಒಂದು ಜಾಣತನವೇ, ಇಲ್ಲವೆನ್ನುವುದಿಲ್ಲ. ಆ ಒಬ್ಬ ಹುಡುಗನಿಗೆ ಜ್ವರ ಬಂದ ದಿನ ತಂಡಕ್ಕೇ ಜ್ವರ.

ಹತ್ತಿರದಿಂದ ಹೊಡೆಯುವುದು ಸುಲಭ ಅಂದುಕೊಂಡವರಿಗೆ 1973ರ ವಿಶ್ವಕಪ್ ನೆನಪಿಸಬೇಕು. ಹಾಲೆಂಡಿನ ಆಮ್ಸ್ಟೆಲ್ವೀನಿನಲ್ಲಿ ಫೈನಲ್. ನಮ್ಮ ನಾಯಕ ಕೊಡಗಿನ ಎಂ.ಪಿ. ಗಣೇಶ್. ಹಾಲೆಂಡಿನ ಜೊತೆ 2-2 ಸಮ. ಕೊನೆಗೆ ಪೆನಾಲ್ಟಿ ಸ್ಟ್ರೋಕಿನಲ್ಲಿ 4-2ರಿಂದ ಹಾಲೆಂಡಿಗೆ ಕಪ್ಪು. ಸ್ಟ್ರೋಕಿನ ದೂರ ಏಳು ಗಜ, ಅಂದರೆ 6.4 ಮೀಟರ್. ನಡುವೆ ಒಬ್ಬ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಈಗ ಸಮವಾದರೆ 23 ಮೀಟರ್ ಗೆರೆಯಿಂದ ಚೆಂಡು ತಂದು ಎಂಟು ಸೆಕೆಂಡಿನಲ್ಲಿ ಗೋಲು ಹೊಡೆಯಬೇಕು. ಪದ್ಧತಿ ಬದಲಾಯಿತು. ಕಾಲು ನಡುಗೋದು ಬದಲಾಗಿಲ್ಲ.

ಐದು ಗಂಟೆ ಬಸ್ಸಿಗೆ ಮುಂಚೆ

ಹಳ್ಳಿ ಶಾಲೆಯ ಲೆಕ್ಕ ಹೀಗೆ: ನಾಲ್ಕೂ ಕಾಲಿಗೆ ಗಂಟೆ ಹೊಡೆದರೆ ಐದಕ್ಕೆ ಬಸ್ಸು. ಅದು ತಪ್ಪಿದರೆ ಮುಂದಿನದು ಯಾವಾಗಲೋ. ಬಟ್ಟೆ ಬದಲಾಯಿಸಿ, ಚೀಲ ಕಟ್ಟಿ, ಉಳಿಯೋದು ಇಪ್ಪತ್ತೈದು ನಿಮಿಷ. ಇಷ್ಟು ಹೊತ್ತಿನಲ್ಲಿ ಎರಡು ಕಡೆ ತಂಡ ಮಾಡಿ ಆಡಿದರೆ ಒಬ್ಬ ಹುಡುಗನಿಗೆ ಗೋಲಿಗೆ ಹೊಡೆಯುವ ಅವಕಾಶ ಎರಡು ಸಿಕ್ಕರೆ ಹೆಚ್ಚು. ಅದರ ಬದಲು ವಾರದಲ್ಲಿ ಎರಡು ದಿನ ಆಟ ಬೇಡ, ಬರೀ ಹೊಡೆತ.

ಬೇಕಾಗುವ ಸಾಮಾನು: ನಾಲ್ಕು ಹಳೇ ಗೋಣಿಚೀಲ, ಒಂದು ಹಗ್ಗ. ಗೋಲಿನ ಎರಡು ಕಂಬಕ್ಕೆ ಮೂರಡಿ ಎತ್ತರದಲ್ಲಿ ಹಗ್ಗ ಬಿಗಿಯಿರಿ. ಗೋಣಿಗಳನ್ನು ಪಕ್ಕಪಕ್ಕ ಹೊಲಿದು ನಡುವಿನ ಎಂಟಡಿ ಮುಚ್ಚುವ ಹಾಗೆ ಪರದೆ ಇಳಿಬಿಡಿ. ಎರಡು ಬದಿಯಲ್ಲಿ ಎರಡೆರಡು ಅಡಿ ಸಂದು ಉಳಿಯುತ್ತೆ. ಗೋಣಿಗೆ ತಾಗಿದ ಚೆಂಡು ಗೋಲ್‌ಕೀಪರಿಗೆ ತಾಗಿದ ಹಾಗೆ. ಸಂದಿನಲ್ಲಿ ಹೋದದ್ದು ಮಾತ್ರ ಲೆಕ್ಕ.

ಮೊದಲ ವಾರ ಗೋಲಿನಿಂದ ಆರು ಹೆಜ್ಜೆ ದೂರದಿಂದ ಪುಷ್, ಒಬ್ಬೊಬ್ಬರಿಗೆ ಹತ್ತು. ಹತ್ತರಲ್ಲಿ ಏಳು ಹೋಗುವ ತನಕ ಹಿಂದೆ ಸರಿಯಬಾರದು. ಆಮೇಲೆ ಹತ್ತು ಹೆಜ್ಜೆ, ಸ್ಲ್ಯಾಪ್. ಆಮೇಲೆ ಪಕ್ಕದಿಂದ ಒಬ್ಬ ಪಾಸ್ ಕೊಡಲಿ, ಓಡಿ ಬಂದು ಒಂದು ತಾಗು, ಒಂದು ಹೊಡೆತ. ಮೂರನೇ ಸಾರಿ ಚೆಂಡು ಮುಟ್ಟಿದರೆ ಆ ಸರದಿ ಹೋಯಿತು. ಓರೆಯಿಂದ ಹೊಡೆಯುವಾಗ ಯಾವಾಗಲೂ ದೂರದ ಕಂಬದ ಸಂದಿಗೆ. ಯಾಕೆಂದರೆ ಮ್ಯಾಚಿನಲ್ಲಿ ಗೋಲ್‌ಕೀಪರ್ ಪ್ಯಾಡಿನಿಂದ ತಡೆದರೂ ಚೆಂಡು ಡಿ ನಡುವಿಗೆ ಬಂದು ಬೀಳುತ್ತೆ, ಅಲ್ಲಿ ನಮ್ಮವನೊಬ್ಬ ಇರುತ್ತಾನೆ. ಹತ್ತಿರದ ಕಂಬಕ್ಕೆ ಹೊಡೆದು ತಪ್ಪಿದರೆ ಚೆಂಡು ಬೇಲಿಗೆ, ಆಟ ಅವರಿಗೆ.

ಒಂದು ನೋಟ್ ಪುಸ್ತಕ ಇಡಿ. ಹೆಸರು, ತಾರೀಖು, ಹತ್ತಕ್ಕೆ ಎಷ್ಟು. ಅಂಗಡಿ ನಡೆಸುವವರಿಗೆ ಇದನ್ನು ವಿವರಿಸಬೇಕಿಲ್ಲ, ಬರೆದಿಡದ ಸಾಲ ವಸೂಲಾಗೋದಿಲ್ಲ. ಜೋರಾಗಿ ಹೊಡೆಯುವ ಹುಡುಗನಿಗೆ ಮೂರು, ಸದ್ದಿಲ್ಲದೆ ತಳ್ಳುವ ಹುಡುಗಿಗೆ ಎಂಟು ಅಂತ ಎರಡು ವಾರದಲ್ಲಿ ಪುಸ್ತಕವೇ ಹೇಳುತ್ತೆ. ಆಗ ತಂಡ ಕಟ್ಟುವ ಪಿ.ಟಿ. ಮೇಷ್ಟ್ರಿಗೂ ಸುಲಭ, ಶಿಫಾರಸು ತರುವವರ ಬಾಯಿಗೂ ಬೀಗ.

ಇದಕ್ಕೆಲ್ಲ ಬೇಕಾದದ್ದು ಚೆಂಡು. ಎರಡೇ ಚೆಂಡಿದ್ದರೆ ಹೊಡೆಯೋದು ಒಂದು ನಿಮಿಷ, ಹುಡುಕಿ ತರೋದು ಐದು ನಿಮಿಷ. ಕಾಫಿ ಗಿಡದ ಬುಡದಲ್ಲಿ, ಬೇಲಿ ಸಂದಿಯಲ್ಲಿ ಹುಡುಕುತ್ತಲೇ ಸಂಜೆ ಮುಗಿಯುತ್ತೆ. ಪೇಟೆಯ ವರ್ತಕರು ಪ್ರತಿ ವರ್ಷ ಪಂದ್ಯಗಳಿಗೆ ಆಳೆತ್ತರದ ಟ್ರೋಫಿ ಕೊಡುತ್ತಾರೆ, ಹೆಸರು ಅಚ್ಚು ಹಾಕಿಸಿದ ಜರ್ಸಿ ಕೊಡುತ್ತಾರೆ, ದೊಡ್ಡ ಮನಸ್ಸು. ಈ ಸಾರಿ ಟ್ರೋಫಿ ಒಂದಡಿ ಗಿಡ್ಡ ಆದರೂ ಪರವಾಗಿಲ್ಲ, ಉಳಿದ ದುಡ್ಡಿನಲ್ಲಿ ಹತ್ತಿರದ ಶಾಲೆಗೆ ಒಂದು ಡಜನ್ ಚೆಂಡು, ಗೋಲಿನಲ್ಲಿ ನಿಲ್ಲುವ ಮಗುವಿಗೆ ಒಂದು ಹೆಲ್ಮೆಟ್ ಕೊಡಿಸಿ. ಚೆಂಡಿನ ಮೇಲೆ ಅಂಗಡಿ ಹೆಸರು ಬರೆಸೋಕೆ ಜಾಗ ಕಡಿಮೆ, ಅದೊಂದೇ ನಷ್ಟ. ಗೋಣಿಚೀಲ ಹೇಗೂ ನಿಮ್ಮ ಗೋದಾಮಿನಲ್ಲೇ ಇದೆ. ಮೋಡ ಕಂಡ ಕೂಡಲೇ ಅದನ್ನು ಬಿಚ್ಚಿ ವರಾಂಡಕ್ಕೆ ಹಾಕೋಕೆ ಮಕ್ಕಳಿಗೆ ಹೇಳಿಡಿ. ನೆಂದ ಗೋಣಿಯನ್ನು ಮಾರನೇ ದಿನ ನಾಲ್ಕು ಮಂದಿ ಸೇರಿದರೂ ಎತ್ತಿ ಕಟ್ಟೋಕೆ ಆಗೋದಿಲ್ಲ.